ರುದ್ರಾಣಿಯೂ ಇಳಿಯದ ನೊರೆಯೂ

ನಮ್ಮ ತಿ. ನರಸೀಪುರದಲ್ಲಿ ಎರಡು ನದಿಗಳು ಕೂಡುತ್ತವೆ, ಮೂರನೆಯದು ಕಣ್ಣಿಗೆ ಕಾಣುವುದಿಲ್ಲ ಎಂಬುದು ಲೋಕಕ್ಕೆಲ್ಲ ಗೊತ್ತು. ಅದೇ ಊರಿನ ನಮ್ಮ ಬೀದಿಯಲ್ಲಿ ಹಾಲು ಕಾಣುತ್ತದೆ, ನೊರೆ ಕಾಣುವುದಿಲ್ಲ ಎಂಬುದು ಮಾತ್ರ ಲೋಕಕ್ಕೆ ಇನ್ನೂ ತಿಳಿದಿಲ್ಲ. ಇದಕ್ಕೆ ಕಾರಣಳಾದವಳು ನನ್ನ ಧರ್ಮಪತ್ನಿ ರುದ್ರಾಣಿ.

ನೊರೆಯನ್ನೇ ಆಯುಧ ಮಾಡಿಕೊಂಡು ಅಸುರನನ್ನು ಕೊಂದ ದೇವರೊಬ್ಬ ಪುರಾಣದಲ್ಲಿದ್ದಾನಂತೆ. ಇರಲಿ, ಅದೂ ದೊಡ್ಡ ಕೆಲಸವೇ. ಆದರೆ ನೊರೆಯನ್ನೇ ಎದುರಿಗೆ ನಿಲ್ಲಿಸಿಕೊಂಡು ಕೊಂದವರು ಮೂರು ಲೋಕದಲ್ಲಿ ನಾನು ಕಂಡಂತೆ ಇವಳೊಬ್ಬಳೇ. ಬೆಳಿಗ್ಗೆ ಹಾಲಿನ ರಾಜು ಬಾಗಿಲಿಗೆ ಬಂದು ಲೀಟರಿನ ಅಳತೆಗೆ ಹಾಲು ಸುರಿದನೆಂದರೆ, ಇವಳು ತನ್ನ ಪಾತ್ರೆಯನ್ನು ಮುಂದೆ ಚಾಚುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಳತೆಯ ಮೇಲಿನ ನೊರೆಯನ್ನೇ ನೋಡುತ್ತ ನಿಲ್ಲುತ್ತಾಳೆ. ಅವಳು ನೋಡುತ್ತಿದ್ದಂತೆ ಗುಳ್ಳೆಗಳು ಒಂದೊಂದಾಗಿ ಅವಮಾನದಿಂದ ಒಡೆದುಹೋಗುತ್ತವೆ.

"ಅಕ್ಕಾ, ಇನ್ನೂ ಆ ಬೀದಿ ಪೂರ್ತಿ ಅದೆ, ಒತ್ತಾಯ್ತದೆ."

"ಆಗ್ಲಿ ಕಣ್ಲಾ. ನೊರೆ ಇಳೀಲಿ. ನಾನು ಕಾಸು ಕೊಡೋದು ಹಾಲ್ಗೆ, ಗಾಳಿಗಲ್ಲ."

ನೊರೆ ಇಳಿದ ಮೇಲೆ ಅಳತೆಯಲ್ಲಿ ಎಷ್ಟು ಕಡಿಮೆ ಕಾಣುತ್ತದೋ ಅಷ್ಟನ್ನು ರಾಜು ಮತ್ತೆ ತುಂಬಬೇಕು. ತುಂಬಿದಾಗ ಮತ್ತೆ ನೊರೆ ಬರುತ್ತದೆ. ಮತ್ತೆ ನಿಲ್ಲಬೇಕು. ಈಚೀಚೆಗೆ ಅವನು ನಮ್ಮ ಬೀದಿಯ ತಿರುವಿನಲ್ಲಿ ಗಾಡಿಯಿಂದ ಇಳಿದು, ಕ್ಯಾನನ್ನು ಕೈಗೂಸಿನಂತೆ ತಬ್ಬಿಕೊಂಡು ನಡೆದೇ ಬರುತ್ತಾನೆ. ಅವನ ಹಸುವೂ ಕೆಚ್ಚಲನ್ನು ಬಿಗಿ ಹಿಡಿದು ಸದ್ದಿಲ್ಲದಂತೆ ಹಾಲು ಬಿಡುವುದನ್ನು ಕಲಿತಿದೆಯೆಂದು ಕೇಳಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಪ್ರವಾಹ ಬಂದಾಗ ಹೊಳೆಯ ನೊರೆ ಕೂಡ ನಮ್ಮ ಬೀದಿಯ ಕಡೆಯ ದಡವನ್ನು ಬಿಟ್ಟು ಆಚೆ ದಡದ ಗುಂಟ ಹೋಗುವುದನ್ನು ನಾನೇ ಕಂಡಿದ್ದೇನೆ.

ಇಂಥವಳನ್ನು ಬಿಳಿಗೆರೆಯಿಂದ ಮದುವೆಯಾಗಿ ತಂದ ನಾನು, ಮಹದೇವ, ಜೀವನೋಪಾಯಕ್ಕೆ ಆರಿಸಿಕೊಂಡದ್ದು ಬಾರು. ಮುಂದೆ ಬಾರು, ಹಿಂದೆ ಮನೆ, ನಡುವೆ ಎರಡಕ್ಕೂ ಸೇರಿದ ಅಡುಗೆಮನೆ. ಬಾರಿಗೆ ಹೆಂಡತಿಯ ಹೆಸರಿಡೋಣವೆಂದು ಪ್ರೀತಿಯಿಂದಲೇ ಹೋಗಿದ್ದೆ. "ಹೆಂಡದಂಗ್ಡಿ ಬೋರ್ಡ್ ಮೇಲೆ ನನ್ನ ಹೆಸ್ರು ಬರ್ಸಿದ್ರೆ ನಾಳೆಯಿಂದ ಮುದ್ದೆ ನೀವೇ ತಿರುವ್ಕಳಿ" ಎಂದಳು. ಹೀಗಾಗಿ ಬೋರ್ಡಿನ ಮೇಲೆ 'ಆರ್. ಬಾರ್' ಎಂದಷ್ಟೇ ಇದೆ. (ಆರ್ ಎಂದರೇನು ಎಂದು ಅಬಕಾರಿ ಸಾಹೇಬರು ಕೇಳಿದರು. ರೆಸ್ಟೋರೆಂಟ್ ಎಂದೆ.)

ನಮ್ಮ ರಾಜ್ಯಾಡಳಿತ ಹೀಗೆ ಹಂಚಿಹೋಗಿತ್ತು: ಅಡುಗೆಮನೆ ಅವಳದು, ದುಡ್ಡಿನ ಗಲ್ಲ ನನ್ನದು. ಅವಳ ಮುದ್ದೆಗೂ ನಾಟಿಕೋಳಿ ಸಾರಿಗೂ ಬೋಟಿ ಗೊಜ್ಜಿಗೂ ನಂಜನಗೂಡಿನಿಂದ ಜನ ಬರುತ್ತಾರೆ. ನನ್ನ ಮುಖ ನೋಡಲು ಯಾರೂ ಬರುವುದಿಲ್ಲ. ಆದರೂ ಗಲ್ಲದ ಹಿಂದಿನ ಕುರ್ಚಿಯಲ್ಲಿ ಕೂತು, ಯಾವ ಟೇಬಲ್ಲಿನಲ್ಲಿ ಯಾರು ಏನು ಕುಡಿದರೆಂದು ಮೇಲಿನಿಂದ ನೋಡುವ ಮನುಷ್ಯನಿಗೆ ಒಂದು ಕಳೆ ಇರುತ್ತದೆ. ಆ ಕುರ್ಚಿಯ ಮೇಲೆ ರುದ್ರಾಣಿಯ ಕಣ್ಣು ಬಿದ್ದು ವರ್ಷಗಳಾಗಿದ್ದವು.

"ಒಂದಿನ ನೀವು ಒಳೀಕ್ ಬನ್ನಿ, ನಾನ್ ಅಲ್ಲಿ ಕುಂತ್ಕತೀನಿ" ಎನ್ನುತ್ತಿದ್ದಳು.

"ಗಲ್ಲದಲ್ಲಿ ಹೆಂಗಸು ಕೂತ್ರೆ ಗಿರಾಕಿಗಳು ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ್ಕೋತಾರೆ ಕಣೇ. ನೆಟ್ಟಗೆ ಕೂತವನು ಎರಡನೇದು ಕೇಳಲ್ಲ" ಎಂದು ನಾನು ವ್ಯಾಪಾರದ ಸೂಕ್ಷ್ಮವನ್ನು ತಿಳಿಹೇಳುತ್ತಿದ್ದೆ. ಅವಳು ಸೌಟು ಬಡಿದು ಒಳಗೆ ಹೋಗುತ್ತಿದ್ದಳು.

ಹೀಗಿರುವಾಗ ಮೈಸೂರಿನಲ್ಲಿ ನಮ್ಮ ಷಡ್ಡಕನ ಮಗಳ ಬೀಗರೂಟ ಬಂತು. ಊಟವಾದ ಮೇಲೆ ಆ ಕಡೆಯ ಹುಡುಗರು ನನ್ನನ್ನು ಯಾವುದೋ ಕತ್ತಲೆ ಕತ್ತಲೆಯಾದ, ತಣ್ಣಗಿರುವ ಜಾಗಕ್ಕೆ ಕರೆದೊಯ್ದರು. ಅಲ್ಲಿ ನನಗೆ ದರ್ಶನವಾಯಿತು. ಹಂಸದ ಕತ್ತಿನಂತೆ ಬಾಗಿದ ಹಿತ್ತಾಳೆಯ ನಲ್ಲಿ. ಹಿಡಿ ಎಳೆದರೆ ಚಿನ್ನದ ಬಣ್ಣದ ಬಿಯರು. ಅದರ ಮೇಲೆ ಎರಡು ಬೆರಳು ದಪ್ಪ, ಮಲ್ಲಿಗೆಯನ್ನು ಅರೆದು ಹಚ್ಚಿದಂಥ ನೊರೆ. ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲಿ ತೆಗೆಯುವವರ ನಡುವೆ ಅರ್ಧ ಆಯುಷ್ಯ ಕಳೆದ ನನಗೆ ಮೈಮೇಲೆ ಮುಳ್ಳೆದ್ದವು. ಇದನ್ನು ನರಸೀಪುರಕ್ಕೆ ಇಳಿಸದಿದ್ದರೆ ಹುಟ್ಟಿದ್ದೇ ದಂಡ ಎನಿಸಿತು.

ಮನೆಗೆ ಬಂದವನೇ ಘೋಷಿಸಿದೆ. "ರುದ್ರಾಣಿ, ಇನ್ಮೇಲೆ ನಮ್ಮ ಬಾರಲ್ಲಿ ಬಿಯರು ನಲ್ಲೀಲಿ ಬರ್ತದೆ."

"ನಲ್ಲೀಲಿ ನೀರೇ ಸರ್ಯಾಗ್ ಬರಲ್ಲ."

"ಇದು ಪುರಸಭೆ ನಲ್ಲಿ ಅಲ್ಲ ಕಣೇ. ಸ್ಟೀಲ್ ಪೀಪಾಯಿ ಒಳಗೆ ಬಿಯರು. ಗ್ಯಾಸು ಅದನ್ನ ಹಿಂದಿನಿಂದ ತಳ್ತದೆ. ಪೈಪಲ್ಲಿ ಓಡಿ ನಲ್ಲೀಗೆ ಬರ್ತದೆ. ಹಿಡಿ ಎಳೆದ್ರೆ ಲೋಟಕ್ಕೆ ಬೀಳ್ತದೆ, ಮೇಲೆ ಎರಡು ಬೆರಳು ನೊರೆ..."

ಮಾತು ಜಾರಿಹೋಗಿತ್ತು. ರುದ್ರಾಣಿ ಹೆಚ್ಚುತ್ತಿದ್ದ ಈರುಳ್ಳಿಯನ್ನು ಪಕ್ಕಕ್ಕಿಟ್ಟಳು.

"ಆ ನೊರೆ ತಾನಾಗೇ ಬತ್ತದಾ, ನೀವಾಗೇ ಬರುಸ್ತೀರಾ?"

"ಬರಿಸ್ಬೇಕು. ಅದೇ ಕಲೆ. ಮೈಸೂರಲ್ಲಿ ನೊರೆ ಇಲ್ದಿದ್ರೆ ಲೋಟಾನ ವಾಪಸ್ ಕಳಿಸ್ತಾರೆ."

"ಇಲ್ಲಿ ನೊರೆ ಇದ್ರೆ ವಾಪಸ್ ಕಳುಸ್ತಾರೆ. ಇವ್ರೆಲ್ಲ ಡೈರೀಗ್ ಹಾಲಾಕೋ ಜನ ಕಣ್ರೀ. ಹುಟ್ದಾಗಿಂದ ಅಳತೆ ನೋಡ್ಕಂಡ್ ಬೆಳ್ದೋರು. ಲೋಟದಲ್ ಕಾಲು ಭಾಗ ಗಾಳಿ ತುಂಬ್ಸಿ ಕೊಟ್ರೆ ನಿಮ್ಮನ್ ಸುಮ್ನೆ ಬುಡ್ತಾರಾ?"

"ಕುಡಿಯೋರ ರುಚಿ ನಿನಗೇನು ಗೊತ್ತು?"

"ರುಚಿ ಗೊತ್ತಿಲ್ಲ. ಅಳತೆ ಗೊತ್ತು."

ಗಂಡಸಿಗೆ ಜೀವಮಾನದಲ್ಲಿ ಒಂದೆರಡು ಸಲ ತಡೆಯಲಾರದಷ್ಟು ಪೌರುಷ ಬರುತ್ತದೆ. ನನಗೆ ಆ ಕ್ಷಣ ಬಂತು. "ಪಂಥ! ಈ ನಲ್ಲಿ ಗೆದ್ರೆ ನೀನು ಆ ಕುರ್ಚಿ ಮಾತು ಜನ್ಮದಲ್ಲಿ ಎತ್ತಬಾರದು. ಸೋತ್ರೆ ಕುರ್ಚಿ ನಿನಗೆ, ಮುದ್ದೆ ತಿರುವೋ ಹಿಟ್ಟಿನ ಕೋಲು ನನಗೆ."

ಅವಳು ಈರುಳ್ಳಿಯನ್ನು ಮತ್ತೆ ಕೈಗೆತ್ತಿಕೊಂಡು, "ಹೂಂ" ಎಂದಳು. ಮಹಾಯುದ್ಧಗಳು ಇದಕ್ಕಿಂತ ಹೆಚ್ಚು ಮಾತಿನಲ್ಲಿ ಶುರುವಾಗಿವೆ.

ನಲ್ಲಿ ಜೋಡಿಸಲು ಮೈಸೂರಿನ ಕಂಪನಿ ಕಳಿಸಿದವನು ಸಮೀರ. ನೋಡಿದರೆ ನಮ್ಮ ಪಕ್ಕದ ಸೋಸಲೆಯವನೇ. ಮಠದ ಬೀದಿಯ ಮನೆತನ, ಹಣೆಯಲ್ಲಿ ಅಕ್ಷತೆ, ಕೈಯಲ್ಲಿ ಸ್ಪ್ಯಾನರು. ಬಿಯರನ್ನು ನಾಲಗೆಗೆ ಸೋಕಿಸಿದವನಲ್ಲ. "ನಾನು ಕುಡಿಯೋದಿಲ್ಲ ಸರ್, ಒತ್ತಡ ಮಾತ್ರ ನೋಡ್ತೀನಿ" ಎಂದ. ಅವನ ತಾಯಿ ಲಕ್ಷ್ಮೀದೇವಮ್ಮನವರಿಗೆ ಮಗ ಸೋಡಾ ಕಂಪನಿಯಲ್ಲಿದ್ದಾನೆಂದು ತಿಳಿದಿದೆಯಂತೆ. "ನಮ್ಮಮ್ಮ ಊಟಕ್ಕೆ ಬಂದರೆ ದಯವಿಟ್ಟು ಹೇಳಬೇಡಿ" ಎಂದೂ ಸೇರಿಸಿದ. ಲಕ್ಷ್ಮೀದೇವಮ್ಮನವರು ನಮ್ಮ ಬೋಟಿ ಗೊಜ್ಜಿಗೆ ಬರುವ ಸಂಭವ ಕಡಿಮೆಯೆಂದು ಧೈರ್ಯ ಹೇಳಿದೆ.

ಸಮೀರ ಪೀಪಾಯಿಯನ್ನು ಗಲ್ಲದ ಹತ್ತಿರ, ಎಂದರೆ ಅಡುಗೆಮನೆಯ ಮೂಲೆಯಲ್ಲಿ ಇಡಬೇಕೆಂದ. ರುದ್ರಾಣಿ ಬಾಗಿಲಿಗೆ ಅಡ್ಡ ನಿಂತಳು. "ಆ ಪೀಪಾಯಿ ನನ್ನ ಅಡ್ಗೆಮನೆ ಹೊಸ್ಲು ದಾಟಂಗಿಲ್ಲ." ಮಾತುಕತೆಯಾಗಿ, ಅವಳು ಹೇಳಿದ ಕಡೆಗೇ ಇಡುವುದೆಂದು ಇಬ್ಬರೂ ಒಪ್ಪಿದೆವು. ಪೀಪಾಯಿ ಹಿತ್ತಲಿನ ಹಳೆಯ ದನದ ಕೊಟ್ಟಿಗೆಗೆ ಹೋಯಿತು. ಅಲ್ಲಿಂದ ಪೈಪು ಕೊಟ್ಟಿಗೆಯ ಶೀಟಿನ ಮೇಲೆ ಹತ್ತಿ, ನುಗ್ಗೆಮರದ ಕೊಂಬೆ ಬಳಸಿ, ಬಟ್ಟೆ ಒಣಹಾಕುವ ತಂತಿಯ ಗುಂಟ ಬಂದು ಬಾರಿನ ಗೋಡೆ ಹೊಕ್ಕಿತು. ಗಂಗೆ ಭೂಮಿಗೆ ಬಂದ ದಾರಿ ಇದಕ್ಕಿಂತ ನೇರವಾಗಿತ್ತು.

ಸಮೀರನ ಮುಖ ಬಾಡಿತು. "ಸರ್, ಇಷ್ಟು ಉದ್ದ ತಳ್ಳೋದಕ್ಕೆ ಒತ್ತಡ ಜಾಸ್ತಿ ಬೇಕು. ಬರೀ ಕಾರ್ಬನ್ ಡೈಆಕ್ಸೈಡಲ್ಲೇ ಅಷ್ಟು ಒತ್ತಡ ಕೊಟ್ಟರೆ ಆ ಗ್ಯಾಸನ್ನು ಬಿಯರೇ ಕುಡಿದುಬಿಡುತ್ತೆ. ಆಮೇಲೆ ನಲ್ಲೀಲಿ ಬರೀ ನೊರೆ. ಅದಕ್ಕೇ ಜೊತೆಗೆ ನೈಟ್ರೋಜನ್ ಬೆರೆಸಬೇಕು. ಅದು ಬಿಯರಲ್ಲಿ ಕರಗಲ್ಲ, ಸುಮ್ಮನೆ ತಳ್ಳುತ್ತೆ. ಇನ್ನೊಂದು ಸಿಲಿಂಡರ್ ತರಿಸಿ."

ಇಲ್ಲಿ ನಾನೊಂದು ತಪ್ಪು ಮಾಡಿದೆ. ಶಾಲೆಯಲ್ಲಿ ಸಾರಜನಕವೆಂದು ಓದಿದ್ದ ಈ ವಸ್ತು ನಮ್ಮ ಸುತ್ತಲಿನ ಗಾಳಿಯಲ್ಲಿ ಮುಕ್ಕಾಲು ಪಾಲು ಪುಕ್ಕಟೆಯಾಗಿ ಇದೆಯೆಂಬುದು ನೆನಪಿಗೆ ಬಂತು. ಪುಕ್ಕಟೆ ಇರುವುದನ್ನು ಸಿಲಿಂಡರಿನಲ್ಲಿ ಯಾರಾದರೂ ಕೊಳ್ಳುತ್ತಾರೆಯೆ? "ಗಾಳಿ ಅಂದ್ರೆ ಗಾಳಿ ಕಣಪ್ಪ. ಒಂದೇ ಸಾಕು" ಎಂದೆ. ಸಮೀರ ರಾಯರನ್ನು ನೆನೆದು ಸ್ಪ್ಯಾನರು ಎತ್ತಿಕೊಂಡ.

ಉದ್ಘಾಟನೆಗೆ ಶನಿವಾರ ಸಂಜೆಯನ್ನು ಗೊತ್ತುಮಾಡಿದೆ. ಅದಕ್ಕೆ ಎರಡು ದಿನ ಮೊದಲೇ ಗ್ಯಾಸಿನ ಕಿವಿ ತಿರುಗಿಸಿ ಪೀಪಾಯಿಗೆ ಒತ್ತಡ ತುಂಬಿಟ್ಟೆ, ಸಮಯಕ್ಕೆ ಹುಮ್ಮಸ್ಸಾಗಿ ಬರಲಿ ಎಂದು. ನಲ್ಲಿಗೆ ಕುಂಕುಮ, ಸೇವಂತಿಗೆ ಹಾರ, ನಿಂಬೆಹಣ್ಣು. ಮೊದಲ ಲೋಟ ದೇವಯ್ಯನವರಿಗೆ ಎಂದು ಮೊದಲೇ ತೀರ್ಮಾನವಾಗಿತ್ತು. ದೇವಯ್ಯನವರು ದೇವನೂರಿನವರು. ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿ ನಿವೃತ್ತರಾದ ಮೇಲೆ ನಮ್ಮೂರಿಗೆ ಕೊಟ್ಟಿರುವ ಮಗಳ ಮನೆಗೆಂದು ಬಂದು, ನಮ್ಮ ಬಾರಿನಲ್ಲಿ ಇರುತ್ತಾರೆ. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಅವರು ಒಂದು ಮಾತು ಹೇಳಿದರೆ ಇಡೀ ಬಾರಿಗೆ ಅದೇ ತೀರ್ಪು.

ಹಿಡಿ ಎಳೆದೆ. ನಲ್ಲಿ ಒಮ್ಮೆ ಕೆಮ್ಮಿತು. ನಂತರ ಅದರೊಳಗಿಂದ ಬಂದದ್ದನ್ನು ಬಿಯರು ಎನ್ನುವುದು ಹೊಗೆಯನ್ನು ಸೌದೆ ಎಂದಂತೆ. ಲೋಟದ ತಳದಲ್ಲಿ ಎರಡು ಬೆರಳು ಚಿನ್ನ, ಅದರ ಮೇಲೆ ಲೋಟದ ಬಾಯಿಯವರೆಗೂ ನೊರೆ, ಬಾಯಿಯ ಮೇಲೂ ನೊರೆ, ನನ್ನ ಅಂಗೈ ಮೇಲೆ ನೊರೆ, ನಿಂಬೆಹಣ್ಣಿನ ಮೇಲೆ ನೊರೆ. ಮೈಸೂರಿನ ಲೆಕ್ಕಕ್ಕೆ ನಾಲ್ಕು ಪಟ್ಟು ಕಲೆ.

ದೇವಯ್ಯನವರು ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು. ಮೇಜಿನ ಮೇಲಿಟ್ಟರು. ಕೈಕಟ್ಟಿ ಕೂತರು.

"ಕುಡೀರಿ ದೇವಯ್ನೋರೇ."

"ಇಳೀಲಿ ತಡಿ ಮಾದೇವಣ್ಣ."

"ಏನು ಇಳೀಬೇಕು?"

"ನೊರೆ ಇಳಿಯೋಕ್ ಮುಂಚೆ ಅಳತೆ ಒಪ್ಕಂಡಿದ್ರೆ ನನ್ನ ಡೈರೀಲ್ ಇಟ್ಕತಿದ್ರಾ? ಇಳೀಲಿ. ಇಳುದ್ ಮ್ಯಾಲೆ ಎಷ್ಟು ಕಮ್ಮಿ ಬತ್ತದೋ ಅಷ್ಟು ಮ್ಯಾಲ್ ಹುಯ್ಯಿ."

ಇಡೀ ಬಾರು ತಲೆದೂಗಿತು. ನನಗೆ ಆಗ ಹೊಳೆಯಿತು: ಇವರೆಲ್ಲ ಬೆಳಿಗ್ಗೆ ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಲ್ಲುವವರೇ. ನೊರೆ ಇಳಿಯಿತು, ಮೇಲೆ ಹುಯ್ದೆ. ಹುಯ್ದದ್ದು ಮತ್ತೆ ನೊರೆ. ಮತ್ತೆ ಇಳಿಯಿತು, ಮತ್ತೆ ಹುಯ್ದೆ. ಒಂದು ಲೋಟ ತುಂಬುವಷ್ಟರಲ್ಲಿ ದೇವಯ್ಯನವರು ಒಂದು ತಟ್ಟೆ ಕಡಲೆಬೀಜ ಮುಗಿಸಿದ್ದರು, ಮತ್ತು ಬಿಯರು ಬೆಚ್ಚಗಾಗಿತ್ತು. ಅಡುಗೆಮನೆಯ ಬಾಗಿಲಿನಿಂದ ರುದ್ರಾಣಿ ಇಣುಕಿ, ನನ್ನ ಕುರ್ಚಿಯನ್ನು ಒಮ್ಮೆ ಅಳೆದು ನೋಡಿ ಒಳಗೆ ಹೋದಳು.

"ಸೋಲಲ್ಲ ಇದು! ಎರಡನೇ ಗ್ಯಾಸ್ ಕಮ್ಮಿ ಬಿದ್ದದ್ದು!" ಎಂದು ಒಳಕ್ಕೆ ಕೂಗಿ ಹೇಳಿದೆ.

"ನೊರೆ ಕಮ್ಮಿ ಬಿದ್ದಿಲ್ಲ ಬುಡಿ" ಎಂದು ಒಳಗಿನಿಂದ ಉತ್ತರ ಬಂತು.

ಸೋಮವಾರವೇ ಲಗೇಜ್ ಆಟೋ ಮಾಡಿಕೊಂಡು ನೈಟ್ರೋಜನ್ ತರಲು ನಂಜನಗೂಡಿಗೆ ಹೋದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ, ನಮ್ಮ ಸುತ್ತ ಪುಕ್ಕಟೆ ತೇಲುತ್ತಿರುವುದನ್ನೇ ಹಿಡಿದು ಕಬ್ಬಿಣದೊಳಗೆ ಕೂಡಿಹಾಕುವವರು ಇದ್ದಾರೆ. ಆಳೆತ್ತರದ ಕರಿಯ ಸಿಲಿಂಡರನ್ನು ಆಟೋದಲ್ಲಿ ನಿಲ್ಲಿಸಿ ಹಗ್ಗದಿಂದ ಕಟ್ಟಿ, ಪಕ್ಕದಲ್ಲಿ ಅದನ್ನು ಹಿಡಿದುಕೊಂಡು ನಾನೂ ನಿಂತು ಬಂದೆ. ಬಿಳಿಗೆರೆ ದಾಟುವಾಗ ರಸ್ತೆ ಬದಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ನಮ್ಮ ಅತ್ತೆ ಪುಟ್ಟಗೌರಮ್ಮ ಎದುರಾದರು. ಆಟೋ ನಿಲ್ಲಿಸಿದೆ.

"ಯಾರಿಗ್ ಉಸಾರಿಲ್ಲ ಅಳೀಮಯ್ಯ? ಆಕ್ಸಿಜನ್ ತಕಂಡ್ ಓಯ್ತಾ ಇದ್ದೀರಲ್ಲ?"

"ಆಕ್ಸಿಜನ್ ಅಲ್ಲ ಅತ್ತೆ, ಬಿಯರಿಗೆ."

ಅತ್ತೆ ಒಂದು ಕ್ಷಣ ನನ್ನನ್ನೂ ಸಿಲಿಂಡರನ್ನೂ ನೋಡಿದರು. "ಬಿಯರ್ಗೂ ಉಸಾರಿಲ್ವಾ?" ಎಂದು ಎಮ್ಮೆಯನ್ನು ಮುಂದಕ್ಕೆ ಹೊಡೆದರು. ಆ ಮನೆತನದ ಹೆಂಗಸರು ಹೀಗೆಯೇ.

ಸಮೀರ ಬಂದು ಎರಡು ಸಿಲಿಂಡರುಗಳನ್ನೂ ಒಂದು ಪೆಟ್ಟಿಗೆಗೆ ಜೋಡಿಸಿದ. ಎರಡು ಅನಿಲಗಳೂ ಅಲ್ಲಿ ಕೂಡಿ ಒಂದಾಗಿ ಮುಂದೆ ಹರಿದವು. ತ್ರಿವೇಣಿ ಸಂಗಮದ ಊರಿಗೆ ತಕ್ಕ ವ್ಯವಸ್ಥೆ. ಹೊಸ ಪೀಪಾಯಿ ಬಂತು. ನಲ್ಲಿಯೂ ಹೊಸದು, ಅದರ ಬಾಯೊಳಗೆ ಸೂಜಿ ಮೊನೆಯಷ್ಟು ಸಣ್ಣ ತೂತುಗಳ ಬಿಲ್ಲೆ. "ಇನ್ನು ನೋಡಿ ಸರ್. ದೊಡ್ಡ ಗುಳ್ಳೆ ಬರಲ್ಲ. ರೇಷ್ಮೆ ಥರ ನೊರೆ, ಒಂದೇ ಒಂದು ಬೆರಳು. ಅದು ಮಾತ್ರ ಕೊನೇ ಗುಟುಕಿನವರೆಗೂ ಹಾಗೇ ನಿಲ್ಲುತ್ತೆ."

ಈ ಕೊನೆಯ ವಾಕ್ಯವನ್ನು ನಾನು ಸಂತೋಷದಿಂದ ಕೇಳಿಸಿಕೊಂಡೆ. ಅದರ ಅರ್ಥ ಮಾತ್ರ ಶನಿವಾರ ಸಂಜೆ ಆಯಿತು.

ಮತ್ತೆ ಶನಿವಾರ. ಬಾರು ಕಿಕ್ಕಿರಿದಿತ್ತು, ಸೋಲು ನೋಡಲು ಬರುವವರಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಹಿಡಿ ಎಳೆದೆ. ನಲ್ಲಿ ಕೆಮ್ಮಲಿಲ್ಲ. ಲೋಟದೊಳಗೆ ಬಿಯರು ಮೊದಲು ಕದಡಿದ ಮೋಡದಂತೆ ಸುತ್ತಿ, ಗುಳ್ಳೆಗಳೆಲ್ಲ ಮೇಲೇರುವ ಬದಲು ಗಾಜಿನ ಅಂಚಿನಗುಂಟ ಕೆಳಗೆ ಜಾರುತ್ತ, ನಿಧಾನವಾಗಿ ತಿಳಿಯಾಗಿ, ತಲೆಯ ಮೇಲೆ ಒಂದು ಬೆರಳು ದಪ್ಪದ ಕೆನೆ ಹೊತ್ತು ನಿಂತಿತು. ಸಮೀರನ ಕಣ್ಣು ತೇವವಾಯಿತು. (ಅವನು ಕುಡಿಯುವುದಿಲ್ಲವೆಂಬುದನ್ನು ಮರೆಯಬೇಡಿ, ಇದು ಶುದ್ಧ ಭಕ್ತಿ.) ಒಂದೇ ಉಸಿರಿಗೆ ಎಲ್ಲ ಟೇಬಲ್ಲುಗಳಿಗೂ ಲೋಟ ಹೋಯಿತು. ನಾನು ಕುರ್ಚಿಗೆ ಒರಗಿ ಕೂತೆ.

ದೇವಯ್ಯನವರು ಕೈಕಟ್ಟಿಕೊಂಡರು. ಬಾರು ಪೂರ್ತಿ ಕೈಕಟ್ಟಿಕೊಂಡಿತು.

ನೊರೆ ಇಳಿಯಲಿಲ್ಲ.

ನಾನು ಟೀವಿ ಹಾಕಿದೆ, ಯಾರೂ ನೋಡಲಿಲ್ಲ. ಎಲ್ಲರ ದೃಷ್ಟಿಯೂ ಲೋಟದ ಮೇಲೆ. ಮಾತಿಲ್ಲ, ಬೈಗುಳವಿಲ್ಲ, ಸಾಲ ಕೊಟ್ಟವನು ಸಾಲ ತೆಗೆದುಕೊಂಡವನ ಪಕ್ಕದಲ್ಲೇ ಶಾಂತವಾಗಿ ಕೂತಿದ್ದ. ಹೊರಗೆ ಹಾದುಹೋಗುವವರು ಒಳಗೆ ಧ್ಯಾನಶಿಬಿರ ನಡೆದಿದೆಯೆಂದು ಚಪ್ಪಲಿ ಬಿಟ್ಟು ಬಂದಾರೆಂಬ ಭಯವಾಯಿತು. ಒಬ್ಬರೂ ಕುಡಿಯುತ್ತಿಲ್ಲ, ಕುಡಿಯದೆ ಎರಡನೆಯದು ಕೇಳುವುದೆಲ್ಲಿಂದ? ಕಡಲೆಬೀಜ ಮಾತ್ರ ಖರ್ಚಾಗುತ್ತಿತ್ತು, ಅದು ಪುಕ್ಕಟೆ.

"ದೇವಯ್ನೋರೇ, ಅದು ಇಳಿಯಲ್ಲ. ಇಳಿಯದೇ ಇರೋದೇ ಅದರ ಹೆಚ್ಚುಗಾರಿಕೆ" ಎಂದು ಕೈಮುಗಿದೆ.

"ಇಳೀದೇ ಇರೋ ನೊರೇನ ನಾನ್ ಸರ್ವೀಸಲ್ಲೇ ಕಂಡಿಲ್ಲ" ಎಂದರು ದೇವಯ್ಯ, ಗಂಭೀರವಾಗಿ. "ಸೋಪಿನ್ ಪುಡಿ ಕಲ್ಸಿದ್ ಹಾಲಲ್ ಮಾತ್ರ ಇಂಗ್ ನಿಲ್ಲೋದು. ಏನ್ ಹಾಕಿದ್ದೀಯಾ ಮಾದೇವಣ್ಣ ಇದ್ಕೆ?"

ಬಾರಿನೊಳಗೆ ಒಂದು ಗುಜುಗುಜು ಎದ್ದಿತು. ಸೋಪಿನ ಪುಡಿ ಎಂಬ ಮಾತು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವಾಗ ಬಟ್ಟೆ ಸೋಡಾ ಆಗಿ, ಮೂಲೆ ಮುಟ್ಟುವಾಗ ಯೂರಿಯಾ ಆಗಿತ್ತು. ಸಮೀರ ಎದ್ದು ನಿಂತು, "ನೈಟ್ರೋಜನ್ ಸರ್, ಬರೀ ನೈಟ್ರೋಜನ್" ಎಂದ. "ಯೂರಿಯಾದಲ್ ಇರೋದೂ ಅದೇ ಅಲ್ವಾ ಸಾ?" ಎಂದು ಯಾರೋ ರೈತರು ಹಿಂದಿನಿಂದ ಕೇಳಿದರು. ನಮ್ಮ ತಾಲ್ಲೂಕಿನ ಕೃಷಿ ಜ್ಞಾನ ಆ ಹೊತ್ತಿನಲ್ಲಿ ನನಗೆ ಹೆಮ್ಮೆ ತರಲಿಲ್ಲ. ಇಬ್ಬರು ಎದ್ದು ಹೆಗಲಿಗೆ ಟವಲು ಹಾಕಿಕೊಂಡರು. ಅವರು ಬಾಗಿಲು ದಾಟಿದರೆ ನನ್ನ ನಲ್ಲಿ, ನನ್ನ ಬಾರು, ನನ್ನ ಕುರ್ಚಿ ಮೂರೂ ಅವರ ಹಿಂದೆಯೇ ಹೋಗುವುದು ಖಂಡಿತ.

ಆಗ ಅಡುಗೆಮನೆಯ ಬಾಗಿಲು ತೆರೆಯಿತು. ರುದ್ರಾಣಿ ಬಂದಳು. ಎಡಗೈಯಲ್ಲಿ ಅನ್ನ ಮಾಡುವ ಸ್ಟೀಲಿನ ತಪ್ಪಲೆ, ಬಲಗೈಯಲ್ಲಿ ಅದರ ತಟ್ಟೆ. ಬಾರು ಬೆನ್ನು ನೆಟ್ಟಗೆ ಮಾಡಿಕೊಂಡಿತು.

"ಕುಂತ್ಕಳಿ. ಎಲ್ಲಿಗ್ ಹೊಂಟ್ರಿ?" ಎಂದಳು, ಟವಲಿನವರಿಗೆ. ಅವರು ಕೂತರು.

ನನ್ನ ಕಡೆ ತಿರುಗಿ, "ಇದ್ರೊಳಕ್ ಬುಡಿ" ಎಂದಳು. ನಾನು ತಪ್ಪಲೆಯನ್ನು ನಲ್ಲಿಯ ಕೆಳಗಿಟ್ಟು ಹಿಡಿ ಎಳೆದೆ. ತಪ್ಪಲೆ ಅರ್ಧ ತುಂಬಿತು, ಮೇಲೆ ಕೆನೆಯಂಥ ನೊರೆ. ಅವಳು ತಪ್ಪಲೆಯ ಬಾಯಿಗೆ ತಟ್ಟೆ ಮುಚ್ಚಿ, ಎರಡನ್ನೂ ಸೆರಗಿನಲ್ಲಿ ಬಿಗಿ ಹಿಡಿದು, ಒಂದೆಳೆ ಸಂದು ಬಿಟ್ಟು ದೇವಯ್ಯನವರಿಗೆಂದು ಇಟ್ಟ ಖಾಲಿ ಲೋಟದ ಮೇಲೆ ಬಗ್ಗಿಸಿದಳು. ನೊರೆ ತಟ್ಟೆಯ ಹಿಂದೆ ನಿಂತಿತು. ತಿಳಿ ಬಿಯರು ಸದ್ದಿಲ್ಲದೆ ಲೋಟದ ಗೋಡೆ ಹಿಡಿದು ಇಳಿಯಿತು, ಬಾಯಿಯ ಅಂಚಿನವರೆಗೆ, ಒಂದು ಗುಳ್ಳೆ ಇಲ್ಲದೆ. ಅನ್ನದ ಗಂಜಿ ಬಸಿಯುವುದನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ಅದು ಇಂಥ ಬ್ರಹ್ಮಾಸ್ತ್ರವೆಂದು ತಿಳಿದಿರಲಿಲ್ಲ.

ದೇವಯ್ಯನವರು ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು.

"ಇದು ಅಳತೆ" ಎಂದು ಒಂದೇ ಗುಟುಕಿಗೆ ಅರ್ಧ ಇಳಿಸಿದರು. "ರುದ್ರಾಣಮ್ಮ, ನೀನು ಡೈರೀಲ್ ಇರ್ಬೇಕಾಗಿತ್ತು ಕಣವ್ವ."

ಆಮೇಲೆ ಆದದ್ದನ್ನು ಸಂಭ್ರಮ ಎಂದರೆ ಕಡಿಮೆಯಾಗುತ್ತದೆ. "ಅಕ್ಕಾ, ನಮ್ದೂ ಬಸ್ದು ಕೊಡಿ!" ಎಂದು ಎಲ್ಲ ಕಡೆಯಿಂದ ಲೋಟಗಳು ಮೇಲೆದ್ದವು. ತಪ್ಪಲೆಯಲ್ಲಿ ಉಳಿದ ನೊರೆ ತಾನೇ ಕರಗಿ ಬಿಯರಾಗಿ ಮುಂದಿನ ಲೋಟಕ್ಕೆ ಹೋಗುತ್ತಿತ್ತು. ಒಂದು ಹನಿ ದಂಡವಾಗಲಿಲ್ಲ. ಸಮೀರ ಮಾತ್ರ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಎರಡು ಅನಿಲ, ಒಂದು ಪೆಟ್ಟಿಗೆ, ಸೂಜಿಮೊನೆಯ ತೂತುಗಳ ಬಿಲ್ಲೆ, ಎಲ್ಲ ಸೇರಿ ಹೆತ್ತ ರೇಷ್ಮೆಯನ್ನು ತಪ್ಪಲೆಯ ತಟ್ಟೆಯೊಂದು ತಡೆದು ನಿಲ್ಲಿಸುವುದನ್ನು ಅವನು ನೋಡಲಾರದೆ ಹೋದ. ರುದ್ರಾಣಿ ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು. ನೊರೆ ಇರಲಿಲ್ಲ.

ಪೀಪಾಯಿ ಖಾಲಿಯಾದ ಮೇಲೆ ಪಂಥದ ಪ್ರಶ್ನೆ ಎದ್ದಿತು. ನಾನು ನ್ಯಾಯವಾದ ವಾದವನ್ನೇ ಮಂಡಿಸಿದೆ. "ನಲ್ಲಿ ಗೆದ್ರೆ ಕುರ್ಚಿ ನಂದು ಅಂತ ಮಾತು. ಪೀಪಾಯಿ ಖಾಲಿ ಆಗಿದೆ. ನಲ್ಲಿ ಗೆದ್ದಿದೆ."

"ನಲ್ಲಿ ಎಲ್ಲಿ ಗೆಲ್ತು? ತಪ್ಲೆ ಗೆಲ್ತು" ಎಂದಳು ರುದ್ರಾಣಿ.

"ತಪ್ಪಲೆಗೆ ಬಿಯರು ಎಲ್ಲಿಂದ ಬಂತು?"

"ನಲ್ಲಿಯಿಂದ ಬಂದದ್ನ ಯಾರಾದ್ರೂ ಕುಡುದ್ರಾ?"

ಇಬ್ಬರೂ ದೇವಯ್ಯನವರ ಕಡೆ ತಿರುಗಿದೆವು. ಅವರು ಬಾಯಿ ಒರೆಸಿಕೊಂಡು, ಡೈರಿಯ ಸಭೆಗಳಲ್ಲಿ ಪಳಗಿದ ಧ್ವನಿಯಲ್ಲಿ ತೀರ್ಪು ಕೊಟ್ಟರು. "ಬಿಯರ್ ಗೆದ್ದದೆ, ನೊರೆ ಸೋತದೆ. ಮಾದೇವಣ್ಣ ನಿಂತಿದ್ದು ನೊರೆ ಕಡೀಕೆ. ಕುರ್ಚಿ ಬುಟ್ಬುಡಪ್ಪ."

ಹೀಗೆ ನನ್ನ ಆಳ್ವಿಕೆ ಮುಗಿಯಿತು.

ಈಗ ಗಲ್ಲದಲ್ಲಿ ರುದ್ರಾಣಿ ಕೂರುತ್ತಾಳೆ. ನನ್ನ ವ್ಯಾಪಾರದ ಸೂಕ್ಷ್ಮ ಸುಳ್ಳಾಯಿತು: ಬೆನ್ನು ನೆಟ್ಟಗೆ ಮಾಡಿ ಕೂತವರೂ ಎರಡನೆಯದು ಕೇಳುತ್ತಾರೆ, ಅದೂ 'ದಯವಿಟ್ಟು' ಸೇರಿಸಿ. ರಾತ್ರಿಯ ಹೊಡೆದಾಟ ನಿಂತು, ಬೆಳಿಗ್ಗೆ ಬಾರಿನ ಕುರ್ಚಿಗಳು ಹಿಂದಿನ ಸಂಜೆ ಇಟ್ಟ ಜಾಗದಲ್ಲೇ ಇರುತ್ತವೆ. ನಾನು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತೇನೆ, ನಡುನಡುವೆ ತಪ್ಪಲೆ ಹಿಡಿದು ಹೋಗಿ ಬಿಯರು ಬಸಿದು ಬರುತ್ತೇನೆ. ಮೊದಲ ವಾರದ ಮುದ್ದೆಗಳ ಬಗ್ಗೆ ಗಿರಾಕಿಗಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಗಂಟಿಲ್ಲದ ಮುದ್ದೆ ನನ್ನ ಕೈಯಿಂದ ಇನ್ನೂ ಅವತರಿಸಬೇಕಾಗಿದೆ.

ಆದರೆ ನಾನು ವಿಚಾರವಂತ. ಒಲೆಯ ಮುಂದೆ ನಿಂತು ಬೆವರು ಸುರಿಸುತ್ತ ಈ ಮಹಾಯುದ್ಧದ ಒಳಗುಟ್ಟನ್ನು ದಿನವೂ ಚಿಂತಿಸಿದೆ. ಒಬ್ಬ ಹೆಂಗಸು ಒಂದು ಕುರ್ಚಿಗಾಗಿ ಇಷ್ಟು ವರ್ಷ ತಪಸ್ಸು ಮಾಡಿದಳೆಂದರೆ ಅದರ ಹಿಂದೆ ದೊಡ್ಡದೊಂದು ತತ್ವ ಇರಲೇಬೇಕು. ನೊರೆ ಎಂದರೆ ತೋರಿಕೆ, ಬಿಯರೆಂದರೆ ಸತ್ಯ. ಎಲ್ಲ ಲೋಟಗಳೂ ಕಾಣುವ ಎತ್ತರದಲ್ಲಿ ಕೂತು ಸತ್ಯವನ್ನು ಅಂಚಿನವರೆಗೆ ತುಂಬಿಸುವ ಹಂಬಲವೇ ಅವಳನ್ನು ಅಲ್ಲಿಗೆ ಎಳೆದದ್ದು. ಅಥವಾ ಗಂಡಸರ ಕೋಟೆಗೆ ನುಗ್ಗಿ ಬಾವುಟ ಹಾರಿಸುವ ಸಂಕಲ್ಪವಿರಬಹುದು. ಎರಡೂ ಇರಬಹುದು. ಅವಳು ಕಡಿಮೆ ಮಾತಿನವಳಾದ್ದರಿಂದ ಇದನ್ನೆಲ್ಲ ಅವಳ ಪರವಾಗಿ ನಾನೇ ಯೋಚಿಸಬೇಕಾಯಿತು.

ಮೊನ್ನೆ ಸಮೀರ ತನ್ನ ಕಂಪನಿಯ ಮೇಲಧಿಕಾರಿಗಳನ್ನು ಕರೆದುಕೊಂಡು ಬಂದ. ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಪೀಪಾಯಿ ಹೇಗೆ ಖರ್ಚಾಗುತ್ತಿದೆಯೆಂದು ಅವರಿಗೆ ಆಶ್ಚರ್ಯ. ರುದ್ರಾಣಿ ಕುರ್ಚಿಯಲ್ಲಿ ಕೂತಿರುವ ಫೋಟೋ ತೆಗೆದರು. ನಾನು ಹಿಟ್ಟಿನ ಕೋಲು ಹಿಡಿದುಕೊಂಡೇ ಹೊರಗೆ ಬಂದು, ಕೊರಳಿನ ಬೆವರನ್ನು ಟವಲಿನಲ್ಲಿ ಒರೆಸಿಕೊಂಡು, ಸತ್ಯ, ತೋರಿಕೆ, ಕೋಟೆ, ಬಾವುಟ ಎಲ್ಲವನ್ನೂ ಸವಿಸ್ತಾರವಾಗಿ ವಿವರಿಸಿದೆ. ಅಧಿಕಾರಿಗಳು ಮೆಚ್ಚಿಕೊಂಡು ಫೋನಿನಲ್ಲಿ ಬರೆದುಕೊಂಡರು. ದೇವಯ್ಯನವರು ಸಹ ಕಡಲೆಬೀಜ ನಿಲ್ಲಿಸಿ ಕೇಳಿದರು.

"ಈಗ ನಿನ್ನ ಬಾಯಿಂದಲೇ ಹೇಳು ರುದ್ರಾಣಿ," ಎಂದು ಅವಳ ಕಡೆಗೆ ತಿರುಗಿದೆ. "ಇವರೂ ಕೇಳಿಸಿಕೊಳ್ಳಲಿ. ಇಷ್ಟು ವರ್ಷ ಹಟ ಹಿಡಿದು ಈ ಕುರ್ಚಿಯೇ ಬೇಕು ಅಂದೆಯಲ್ಲ, ಯಾಕೆ?"

ರುದ್ರಾಣಿ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ತಲೆ ಎತ್ತಿ ಸೂರು ನೋಡಿದಳು.

"ಫ್ಯಾನ್ ಇರೋದು ಇಲ್ಲೇ ಅಲ್ವಾ?"